ಖಸಬಿನಲ್ಲಿ ಕಟ್ಟಿದ ಮುಡಿಪು

ಅಜ್ಜಿಯ ಮೇಲೆ ನಾನು ಬರೆದ ಕತೆಗೆ ಬಹುಮಾನ ಬಂದಿತ್ತು. ಸ್ಟೀಲಿನ ದೊಡ್ಡ ಹರಿವಾಣ, ಅದರ ಅಂಚಿನಲ್ಲಿ ಮಸ್ಕತ್ತಿನ ನಮ್ಮವರ ಸಂಘದ ಹೆಸರು. ಆ ಹರಿವಾಣ ಈಗಲೂ ನನ್ನ ಹತ್ತಿರ ಇದೆ, ಅದರಲ್ಲಿ ನಾನು ಒಂದೇ ಒಂದು ಸಲ ಉಂಡಿದ್ದೇನೆ. ಕತೆಯಲ್ಲಿ ಅಜ್ಜಿ ನಿಜ, ಗುಡ್ಡ ನಿಜ, ಕಡಲು ನಿಜ, ಅವಳ ಕಷ್ಟವೂ ನಿಜ. ಕಷ್ಟ ಕೊಟ್ಟವರು ಯಾರು ಎನ್ನುವುದು ಮಾತ್ರ ಹಸಿ ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಬರೆದೆ, ವೇದಿಕೆ ಹತ್ತಿ ಓದಿದೆ, ಚಪ್ಪಾಳೆಯನ್ನೂ ತೆಗೆದುಕೊಂಡೆ.

ಎಂಬತ್ತರ ದಶಕದ ನಡುವಿನ ಮಾತು. ಅಪ್ಪ ಒಮಾನಿನ ಉತ್ತರ ತುದಿಯ ಖಸಬಿನಲ್ಲಿ ಒಬ್ಬ ಒಮಾನಿ ಮುದುಕರ ಸಿಮೆಂಟು, ಪೈಪು, ಕಬ್ಬಿಣದ ಅಂಗಡಿ ನೋಡಿಕೊಳ್ಳುತ್ತಿದ್ದ. ಆ ಮುದುಕರೇ ನಮ್ಮ ಕಫೀಲ್. ನಮ್ಮ ವೀಸಾ, ನಮ್ಮ ಮನೆ, ಆ ನೆಲದ ಮೇಲೆ ನಾವು ನಿಲ್ಲುವ ಹಕ್ಕು, ಎಲ್ಲವೂ ಅವರ ಒಂದು ರುಜುವಿನಲ್ಲಿತ್ತು. ಅಮ್ಮ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್. ತಮ್ಮ ಹುಟ್ಟುವ ಹೊತ್ತಿಗೆ ಬಾಣಂತನಕ್ಕೆಂದು ಅಮ್ಮನ ತಾಯಿ ಮೂಲ್ಕಿ ಕಡೆಯ ನಮ್ಮ ಹಳ್ಳಿಯಿಂದ ಮೂರು ತಿಂಗಳ ಮಟ್ಟಿಗೆ ಬಂದಳು. ಐದು ವರ್ಷ ಉಳಿದಳು.

ಆಗಿನ ಖಸಬಿಗೆ ಹೋಗುವುದೆಂದರೆ ಸಣ್ಣ ವಿಮಾನ, ಇಲ್ಲವೇ ದೋಣಿ. ಅಜ್ಜಿ ವಿಮಾನದಿಂದ ಇಳಿದದ್ದು ತೊಡೆಯ ಮೇಲೆ ಇಟ್ಟುಕೊಂಡಿದ್ದ ತಗಡಿನ ಪೆಟ್ಟಿಗೆಯನ್ನು ಹಾಗೇ ಅಪ್ಪಿ ಹಿಡಿದುಕೊಂಡು. ಅದರಲ್ಲಿ ಶುಂಠಿ, ಓಮ, ಕರಿಮೆಣಸು, ಎಣ್ಣೆಯ ಬಾಟಲಿ. ಸುತ್ತ ಒಂದು ಹುಲ್ಲುಕಡ್ಡಿಯೂ ಇಲ್ಲದ ಗುಡ್ಡಗಳನ್ನು ನೋಡಿ ಅವಳು ಕೇಳಿದ ಮೊದಲ ಮಾತು, "ಇದೆಂತ ಮಾರಾಯ್ತಿ, ಊರಿಗೆ ಊರೇ ಸುಟ್ಟು ಹೋದದ್ದಾ?" ಮನೆಯಲ್ಲಿ ನಾವು ಆಡುತ್ತಿದ್ದುದು ತುಳು. ಅವಳ ಮಾತನ್ನು ಇಲ್ಲಿ ಕನ್ನಡಕ್ಕೆ ತರುವಾಗ ಅರ್ಧ ಖಾರ ಸೋರಿ ಹೋಗುತ್ತದೆ.

ಅವಳಿಗೆ ಸಿಟ್ಟು ಬಂದದ್ದು ಬಿಸಿಲಿಗಲ್ಲ, ಮೀನಿಗೆ. ಖಸಬಿನ ದಂಡೆಯಲ್ಲಿ ಬೂತಾಯಿಯನ್ನು ರಾಶಿ ರಾಶಿ ಒಣಗಿಸಿ ಆಡುಗಳಿಗೆ ಹಾಕುತ್ತಿದ್ದರು. "ಅಯ್ಯೋ, ಇವರ ಕೈ ಬಿದ್ದು ಹೋಗ! ಬೂತಾಯಿಯನ್ನು ಆಡಿಗೆ ಹಾಕುದಾ? ಪುಳಿಮುಂಚಿ ಮಾಡ್ಲಿಕ್ಕೆ ಗೊತ್ತಿಲ್ಲದಿದ್ರೆ ನನ್ನನ್ನು ಕೇಳ್ಬಾರ್ದಾ?" ಎಂದು ದಂಡೆಯಲ್ಲೇ ನಿಂತು ಬೈದಳು. ಮೀನಿನವರು ನಕ್ಕು ಒಂದು ಬಕೆಟ್ ತುಂಬಾ ಕೊಟ್ಟು ಕಳಿಸಿದರು. ಆಮೇಲೆ ವಾರಕ್ಕೊಮ್ಮೆ ಬೈಯಲಿಕ್ಕೆಂದೇ ಹೋಗುತ್ತಿದ್ದಳು.

ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ ಹಂಡೆ ಮಾಡಿಸಿಕೊಂಡಳು. ಸೌದೆಗೆ ಖರ್ಜೂರದ ಒಣ ಗರಿ, ಕಡಲು ತಂದು ಹಾಕಿದ ದೋಣಿಯ ಹಲಗೆ. ನೀರು ಟ್ಯಾಂಕರಿನದು, ಉಪ್ಪುಪ್ಪು. ಅದರಲ್ಲೇ ಅಮ್ಮನಿಗೆ ನಲವತ್ತು ದಿನ ಎಣ್ಣೆ ಹಚ್ಚಿ, ಕುದಿಯುವ ನೀರನ್ನು ಬೆನ್ನಿಗೆ ಬಾರಿಸಿ, ಹೊಗೆ ಹಾಕಿ ಮಲಗಿಸಿದಳು. ಅಮ್ಮನ ಮುಖದ ಕಳೆ ನೋಡಿ ಕಫೀಲರ ಮನೆಯ ಹೆಂಗಸರು ತಮ್ಮ ಸೊಸೆಯನ್ನೂ ಕರೆತಂದರು. ಆಮೇಲೆ ಓಣಿಯ ಬಾಣಂತಿಯರೆಲ್ಲ ನಮ್ಮ ಅಂಗಳದಲ್ಲೇ. ಅಜ್ಜಿಗೆ ಅರಬ್ಬಿಯಲ್ಲಿ ಬರುತ್ತಿದ್ದುದು ಎರಡೇ ಮಾತು. ನೀರು ಹೊಯ್ಯುವ ಮೊದಲು "ಯಲ್ಲಾ", ಹೊಯ್ದ ಮೇಲೆ "ಖಲಾಸ್". ಅಷ್ಟರಲ್ಲಿ ಅವಳು ಇಡೀ ಖಸಬಿನ ಸೊಂಟ ನೆಟ್ಟಗೆ ಮಾಡಿದಳು.

ಮೂರು ತಿಂಗಳು ಮುಗಿಯುತ್ತಾ ಬಂದಾಗ ಚಿಕ್ಕಮ್ಮನ ಕಾಗದ ಬಂತು. ಚಿಕ್ಕಮ್ಮ ಅಮ್ಮನ ಒಬ್ಬಳೇ ತಂಗಿ. ಅವಳಿಗೆ ಆರು ತಿಂಗಳು ತುಂಬಿತ್ತು. ನಮ್ಮವರಲ್ಲಿ ಮನೆ ಎಂದರೆ ತಾಯಿಯದು, ಚೊಚ್ಚಲ ಹೆರಿಗೆಗೆ ಮಗಳು ಅಲ್ಲಿಗೇ ಬರಬೇಕು. ತಾಯಿ ಬದುಕಿದ್ದೂ ಮಗಳು ಗಂಡನ ಮನೆಯಲ್ಲಿ ಹೆರುವುದೆಂದರೆ ಊರು ಬಾಯಿಗೆ ಬಂದ ಹಾಗೆ ಆಡಿಕೊಳ್ಳುತ್ತದೆ. ಊರ ಮನೆಗೆ ಬೀಗ ಹಾಕಿ ಬಂದವಳು ಅಜ್ಜಿ. ಬೀಗದ ಕೈ ಅವಳ ಸೊಂಟದಲ್ಲಿತ್ತು.

"ಪಾಸ್‌ಪೋರ್ಟು ಕಫೀಲನ ಹತ್ರ ಉಂಟು. ವೀಸಾ ಕಾಗದಕ್ಕೆ ತಗೊಂಡಿದ್ದಾನೆ, ಬಂದ ಕೂಡ್ಲೇ ಟಿಕೇಟು ಮಾಡ್ತೇನೆ," ಎಂದ ಅಪ್ಪ. ವಾರ ಕಳೆದ ಮೇಲೆ ಕಫೀಲ್ ದುಬೈಗೆ ಹೋಗಿದ್ದಾನೆ ಎಂದ. ಮತ್ತೊಂದು ವಾರಕ್ಕೆ ಆಫೀಸಿನಲ್ಲಿ ಫೈಲ್ ಸಿಗುತ್ತಿಲ್ಲ. ಅಷ್ಟರಲ್ಲಿ ಅಮ್ಮ ಡ್ಯೂಟಿಗೆ ಹಾಜರಾಗಿದ್ದಳು. ತಮ್ಮ ಅಜ್ಜಿಯ ಮಡಿಲಲ್ಲಿದ್ದ. ಅಜ್ಜಿ ಹಳೆಯ ಲುಂಗಿಗಳನ್ನು ಒಗೆದು ಒಗೆದು ಮೆತ್ತಗೆ ಮಾಡಿ ಚಿಕ್ಕಮ್ಮನ ಮಗುವಿಗೆ ಬಟ್ಟೆ ಹೊಲಿಯುತ್ತಾ ಕೂರುತ್ತಿದ್ದಳು. ಅಪ್ಪನ ಜೀಪಿನ ಸದ್ದು ಕೇಳಿದ ಕೂಡಲೇ ಸೂಜಿ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು.

ನನಗೆ ಒಂಬತ್ತು ವರ್ಷ. ಒಂದು ಮಧ್ಯಾಹ್ನ ಅಪ್ಪ ಬಚ್ಚಿಡುತ್ತಿದ್ದ ಚೂಯಿಂಗ್ ಗಮ್ ಹುಡುಕಲು ಮಂಚದ ಅಡಿಯ ಸೂಟ್‌ಕೇಸು ತೆರೆದೆ. ತಳಕ್ಕೆ ಹಾಸಿದ್ದ ಪೇಪರ್ ಒಂದು ಕಡೆ ಉಬ್ಬಿತ್ತು. ಎತ್ತಿ ನೋಡಿದರೆ ಪಾಸ್‌ಪೋರ್ಟು. ಒಳಗೆ ಅಜ್ಜಿಯ ಪಟ, ಎಣ್ಣೆ ಹಚ್ಚಿ ಬಾಚಿದ ತಲೆ, ಫೋಟೋದವನನ್ನೇ ಬೈಯಲು ಹೊರಟ ಹಾಗಿನ ಮುಖ. ಪಟದ ಕೆಳಗೆ ಅವಳು ಒಂದೊಂದೇ ಅಕ್ಷರ ಕೂಡಿಸಿ ಮಾಡಿದ ಕನ್ನಡದ ರುಜು. ಕಫೀಲ್ ಎಂದೋ ಕೊಟ್ಟು ಕಳಿಸಿದ್ದರು. ಅದು ನಮ್ಮ ಮಂಚದ ಅಡಿಯಲ್ಲೇ ಇತ್ತು, ಅಜ್ಜಿ ದಿನಾ ಗುಡಿಸುವ ನೆಲದಿಂದ ಒಂದು ಬೆರಳು ಮೇಲೆ.

ಮಗುವಾಗಿದ್ದೆ, ಅರ್ಥವಾಗಲಿಲ್ಲ ಎಂದು ಬರೆದುಕೊಂಡರೆ ಸುಲಭವಾಗುತ್ತಿತ್ತು. ನನಗೆ ಚೆನ್ನಾಗಿ ಅರ್ಥವಾಯಿತು. ಅಜ್ಜಿ ಬರುವ ಮೊದಲು ಶಾಲೆ ಬಿಟ್ಟು ಬಂದರೆ ಅಮ್ಮ ಹೊರಗಿನಿಂದ ಚಿಲಕ ಹಾಕಿ ಡ್ಯೂಟಿಗೆ ಮರಳಿದ ಮನೆಯಲ್ಲಿ ಸಂಜೆವರೆಗೆ ಒಬ್ಬಳೇ ಕೂರಬೇಕಿತ್ತು. ಅಜ್ಜಿ ಹೋದರೆ ಮತ್ತೆ ಅದೇ, ಈಗ ಕೂಗುವ ತಮ್ಮನ ಜೊತೆ. ಪಾಸ್‌ಪೋರ್ಟನ್ನು ಇದ್ದ ಹಾಗೇ ಇಟ್ಟೆ, ಪೇಪರ್ ಸರಿ ಮಾಡಿದೆ. ಆ ದಿನ ಅಪ್ಪನ ಮೇಲೆ ನನಗೆ ಪ್ರೀತಿ ಉಕ್ಕಿತ್ತು.

ಕಫೀಲ್ ಆಗಾಗ ಬರುತ್ತಿದ್ದರು. ಬಿಳಿ ಗಡ್ಡ, ಕೈಯಲ್ಲಿ ಬೆತ್ತ. ಸೊಸೆಯ ಬಾಣಂತನ ಮಾಡಿದ ಮೇಲೆ ಅಜ್ಜಿಯನ್ನು "ಉಮ್ಮಿ" ಎನ್ನುತ್ತಿದ್ದರು, ಅಂದರೆ ಅಮ್ಮ. ಬಾಗಿಲಲ್ಲೇ ನಿಂತು ಮೀನೋ ಖರ್ಜೂರವೋ ಕೊಟ್ಟು ಹೋಗುವರು. ಒಮ್ಮೆ ತಮಗೆ ಬರುವ ಮುರುಕು ಹಿಂದಿಯಲ್ಲಿ ಕೇಳಿದರು, "ಉಮ್ಮಿ, ಮುಲ್ಕ್ ಕಬ್ ಜಾತಾ?" ಊರಿಗೆ ಯಾವಾಗ ಹೋಗುತ್ತೀರಿ ಎಂದು. ಅಷ್ಟು ಹಿಂದಿ ಅಜ್ಜಿಗೆ ಗೊತ್ತಾಗುತ್ತಿತ್ತು. ಅವಳ ಮುಖ ಕೆಂಪಾಯಿತು. ಮುದುಕರು ಹೋದ ಮೇಲೆ ಮೀನಿನ ಬುಟ್ಟಿಯನ್ನು ಕಾಲಿಂದ ಒದ್ದಳು. "ಕಟ್ಟಿ ಹಾಕುದೂ ಇವನೇ, ಯಾವಾಗ ಹೋಗ್ತೀ ಅಂತ ಕೇಳುದೂ ಇವನೇ! ಎಂತ ಸೊಕ್ಕು ನೋಡು!" ನಾನು ನೆಲಕ್ಕೆ ಬಿದ್ದ ಮೀನುಗಳನ್ನು ಹೆಕ್ಕಿ ಬುಟ್ಟಿಗೆ ಹಾಕಿದೆ. ಒಂದು ಮಾತು, ಒಂದೇ ಒಂದು ಮಾತು ಹೇಳಬಹುದಿತ್ತು.

ಚಿಕ್ಕಮ್ಮನಿಗೆ ಎಂಟು ತುಂಬಿದ ದಿನ ಅಜ್ಜಿ ಮುಡಿಪು ಕಟ್ಟಿದಳು. ನಮ್ಮ ಕಡೆ ಅನ್ಯಾಯವಾದವರು ಕೋರ್ಟಿಗೆ ಹೋಗುವ ಮೊದಲು ಮನೆಯ ದೈವಕ್ಕೆ ದೂರು ಕೊಡುತ್ತಾರೆ. ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ಎತ್ತಿಟ್ಟರೆ ದೂರು ದಾಖಲಾದ ಹಾಗೆ. ಅನ್ಯಾಯ ಮಾಡಿದವರು ದೈವದ ಎದುರು ಬಂದು, ತಪ್ಪು ಒಪ್ಪಿ, ತಮ್ಮ ಕೈಯಿಂದಲೇ ತಪ್ಪುಕಾಣಿಕೆ ಹಾಕಬೇಕು. ಅಲ್ಲಿಯವರೆಗೆ ಆ ಗಂಟು ಬಿಚ್ಚುವಂತಿಲ್ಲ. ಅಜ್ಜಿ ಹಳೆಯ ಸೀರೆಯ ಅಂಚು ಹರಿದು ಅರಿಶಿನದಲ್ಲಿ ಅದ್ದಿದಳು. ಊರಿನಿಂದ ತಂದಿದ್ದ ಒಂದು ರೂಪಾಯಿಯನ್ನು ಅದರಲ್ಲಿ ಇಟ್ಟು ಗಂಟು ಹಾಕಿ, ಊರಿನಲ್ಲಿ ಪಡುವಣಕ್ಕಿದ್ದ ಕಡಲು ಇಲ್ಲಿ ಮೂಡಣಕ್ಕಿದೆ, ದೈವ ಅದರಾಚೆ ಎಂದು ಲೆಕ್ಕ ಹಾಕಿ ಆ ಕಡೆ ತಿರುಗಿ ನಿಂತಳು. ನಾನು ಪಕ್ಕದಲ್ಲೇ ದೀಪದ ಎಣ್ಣೆ ಹಿಡಿದುಕೊಂಡಿದ್ದೆ.

"ನನ್ನ ದಾರಿ ಯಾರು ಕಟ್ಟಿದ್ರೋ, ಕಟ್ಟಿದ್ದನ್ನು ಕಂಡೂ ಯಾರು ಬಾಯಿ ಮುಚ್ಚಿ ಕೂತ್ರೋ, ಅವರ ಬಾಯಿಗೆ ಅನ್ನ ರುಚಿಸ್ಬಾರ್ದು. ನೀನೇ ನೋಡಿಕೋ."

ನನ್ನ ಕೈಯಿಂದ ಎಣ್ಣೆ ಚೆಲ್ಲಿತು. "ಕಣ್ಣೆಲ್ಲುಂಟು ನಿಂಗೆ?" ಎಂದು ಅಜ್ಜಿ ತಲೆಗೆ ಮೊಟಕಿ, ನೆಲ ಒರೆಸಿ, ಗಂಟನ್ನು ದೇವರ ಪಟದ ಹಿಂದೆ ಇಟ್ಟಳು.

ಅಂದಿನಿಂದ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ತುತ್ತು ಬಾಯಿಗಿಟ್ಟರೆ ಮಣ್ಣು. ಕಂಡೂ ಬಾಯಿ ಮುಚ್ಚಿ ಕೂತವಳು ನಾನೇ ಎಂದು ದೈವಕ್ಕೆ ಕಡಲು ದಾಟಿ ಗೊತ್ತಾಗಿದೆ ಎಂದುಕೊಂಡೆ. ಆಗಲೂ ಹೇಳಲಿಲ್ಲ. ಹೇಳಿದರೆ ಅಜ್ಜಿ ಹೋಗುತ್ತಾಳೆ, ಹೇಳದಿದ್ದರೆ ಅನ್ನ ಹೋಗುತ್ತದೆ. ನಾನು ಅನ್ನ ಬಿಟ್ಟೆ. ನನ್ನ ಎಲುಬು ಕಾಣಲು ಶುರುವಾದಾಗ ಕಂಗಾಲಾದವಳು ಅಜ್ಜಿಯೇ. "ಯಾವ ಮುಂಡೆಯ ಕಣ್ಣು ಬಿತ್ತು ನನ್ನ ಮಗುವಿಗೆ," ಎಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಗಂಜಿ ಮಾಡಿ, ಚಟ್ನಿ ಅರೆದು, ನನ್ನ ಎದುರು ಕೂತು "ಒಂದು ತುತ್ತು ಮಗಾ, ಅಜ್ಜಿಗೋಸ್ಕರ," ಎಂದು ಬೇಡಿದಳು. ಶಾಪ ಹಾಕಿದ ಬಾಯಿಯೂ ಅದೇ, ಬೇಡುವ ಬಾಯಿಯೂ ಅದೇ.

ಚಿಕ್ಕಮ್ಮ ಗಂಡನ ಮನೆಯಲ್ಲೇ ಹೆತ್ತಳು. ಬಾಣಂತನಕ್ಕೆ ಯಾರೂ ಇರಲಿಲ್ಲ. ಐದನೆಯ ದಿನಕ್ಕೆ ಎದ್ದು ನೀರು ಸೇದಿದ್ದಳಂತೆ. ಹನ್ನೊಂದನೆಯ ದಿನ ಮಗು ಹೋಯಿತು. ಅವಳು ಬರೆದ ಕಾಗದದಲ್ಲಿ ನಾಲ್ಕೇ ಸಾಲಿತ್ತು. ಕೊನೆಯ ಸಾಲು, "ಊರವರ ಸೊಸೆಯಂದಿರನ್ನು ಮೀಯಿಸಿಕೊಂಡು ಅಲ್ಲೇ ಸುಖವಾಗಿರು, ನನಗೆ ತಾಯಿ ಇಲ್ಲ." ಅಜ್ಜಿ ಕಾಗದವನ್ನು ತಾನೇ ಓದಿದಳು, ಮೂರನೇ ಕ್ಲಾಸಿನವರೆಗೆ ಕಲಿತಿದ್ದಳು. ಅಳಲಿಲ್ಲ. ಹೊಲಿದಿಟ್ಟ ಬಟ್ಟೆಗಳನ್ನೆಲ್ಲ ಬಿಚ್ಚಿ ತಮ್ಮನ ಸೊಳ್ಳೆಪರದೆಗೆ ಅಂಚು ಕಟ್ಟಿದಳು. ಮಾರನೆಯ ದಿನ ಬಂದ ಬಾಣಂತಿಗೆ ಎಂದಿನ ಹಾಗೇ ನೀರು ಹೊಯ್ದಳು. "ಯಲ್ಲಾ" ಎನ್ನಲಿಲ್ಲ, "ಖಲಾಸ್" ಎನ್ನಲೂ ಇಲ್ಲ.

ತಮ್ಮ ಶಾಲೆಗೆ ಹೊರಟ ವರ್ಷ ಅಪ್ಪನಿಗೆ ಪಾಸ್‌ಪೋರ್ಟು ಸಿಕ್ಕಿತು! "ಅಂತೂ ಆ ಮುದುಕನ ಕೈಯಿಂದ ಬಿಡಿಸಿಕೊಂಡೆ," ಎಂದು ಯುದ್ಧ ಗೆದ್ದವನ ಹಾಗೆ ತಂದುಕೊಟ್ಟ. ಅಜ್ಜಿ ಊರಿಗೆ ಹೋದಳು. ಪಾಸ್‌ಪೋರ್ಟಿನ ಮಾತೆಲ್ಲ ನೆಪ ಎಂದು ಚಿಕ್ಕಮ್ಮ ಬಾಗಿಲು ತೆರೆಯಲಿಲ್ಲ. ಅಜ್ಜಿ ನಾಲ್ಕು ಸಲ ಹೋಗಿ ಜಗಲಿಯಲ್ಲಿ ಕೂತು ಬಂದಳಂತೆ. ಒಂದು ಲೋಟ ನೀರು ಕೊಡುವವರಿಲ್ಲದ ಊರಲ್ಲಿ ವರ್ಷ ಕಳೆದು, ಅಮ್ಮ ಕರೆದಾಗ ಮತ್ತೆ ಬಂದಳು. ಅಷ್ಟರಲ್ಲಿ ನಾವು ಮಸ್ಕತ್ತಿನ ಅಲ್ ಖೌದಿನ ಫ್ಲ್ಯಾಟಿಗೆ ಬಂದಿದ್ದೆವು. ಅಪ್ಪ ಪಕ್ಕದ ಅಲ್ ಮಬೇಲಾದಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿದ್ದ. ಹಳದಿ ಗಂಟು ಅಲ್ಲಿಯೂ ದೇವರ ಪಟದ ಹಿಂದೆ ಸೇರಿತು.

ಮಸ್ಕತ್ತಿನಲ್ಲಿ ನಮ್ಮವರು ಸೇರಿದಾಗೆಲ್ಲ ಅಪ್ಪ ಅಜ್ಜಿಯ ಕತೆ ಹೇಳುತ್ತಿದ್ದ. ಹೇಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಖಸಬ್, ದೋಣಿ, ಡ್ರಮ್ಮಿನ ಹಂಡೆ, ಬೂತಾಯಿ ಜಗಳ. ಜನ ಹೊಟ್ಟೆ ಹಿಡಿದು ನಗುವ ಹೊತ್ತಿಗೆ ಸರಿಯಾಗಿ ದನಿ ಇಳಿಸಿ, "ಆದ್ರೆ ಆ ಕಫೀಲ್ ಉಂಟಲ್ಲ, ಐದು ವರ್ಷ ಈ ಮುದುಕಿಯ ಪಾಸ್‌ಪೋರ್ಟ್ ಇಟ್ಕೊಂಡ ಮಾರಾಯ್ರೆ," ಎನ್ನುತ್ತಿದ್ದ. ಬೆಂಗಳೂರು, ಮೈಸೂರಿನ ಆಫೀಸಿನವರ ಹೆಂಡಂದಿರು ಕಣ್ಣೊರೆಸಿಕೊಳ್ಳುತ್ತಿದ್ದರು. ಎಷ್ಟು ಸಲ ಕೇಳಿದೆನೆಂದರೆ, ಸೂಟ್‌ಕೇಸಿನ ಪೇಪರ್ ಅಡಿಯಲ್ಲಿ ಕಂಡದ್ದೇ ಕನಸಿರಬೇಕು ಎನ್ನುವಷ್ಟು ಆ ಸುಳ್ಳು ನನಗೆ ಒಗ್ಗಿ ಹೋಗಿತ್ತು. ಒಗ್ಗಿಸಿಕೊಂಡಿದ್ದೆ ಎನ್ನುವುದು ಸರಿ.

ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದೆ. ರಜೆಗೆ ಬಂದಾಗ ಸಂಘದವರು ಕತೆ ಸ್ಪರ್ಧೆ ಇಟ್ಟಿದ್ದರು. ನಾನು ಅಜ್ಜಿಯನ್ನು ಬರೆದೆ. ಅಪ್ಪನ ಕತೆಯನ್ನೇ ಎತ್ತಿಕೊಂಡು, ಕಫೀಲರಿಗೆ ಹದ್ದಿನ ಕಣ್ಣು, ಕ್ರೂರ ನಗೆ ಎಲ್ಲ ಹಚ್ಚಿದೆ. "ಮುಲ್ಕ್ ಕಬ್ ಜಾತಾ" ಎನ್ನುವಾಗ ಮೀಸೆಯಡಿಯಲ್ಲಿ ನಗಿಸಿದೆ. ಆ ಮನುಷ್ಯ ಜನ್ಮದಲ್ಲಿ ಹಾಗೆ ನಕ್ಕವರಲ್ಲ. ಸಂಘದ ಹಾಲ್‌ನಲ್ಲಿ ಅಜ್ಜಿಯನ್ನು ಮೊದಲ ಸಾಲಿನಲ್ಲಿ ಕೂರಿಸಿ ಕತೆ ಓದಿಸಿದರು, ಹರಿವಾಣ ಕೊಟ್ಟರು. ಅಜ್ಜಿಗೆ ಶಾಲು ಹೊದೆಸಿದರು. ಅವಳು ಬೆವರುತ್ತಾ ಕೂತಿದ್ದಳು.

ಊಟದ ಹೊತ್ತಿಗೆ ಖಸಬಿನಲ್ಲಿ ಇನ್ನೂ ಕೆಲಸದಲ್ಲಿದ್ದ ನಮ್ಮ ಕಡೆಯವರೊಬ್ಬರು ಹತ್ತಿರ ಬಂದರು. "ನಿಮ್ಮ ಕಫೀಲ್ ಹೋದ ತಿಂಗಳು ತೀರಿಕೊಂಡ್ರು, ಗೊತ್ತುಂಟಾ? ಗಂಟಲಲ್ಲಿ ಎಂತದೋ ಗಡ್ಡೆ. ಕೊನೆಯ ನಾಲ್ಕು ತಿಂಗಳು ಅನ್ನ ಇಳಿಯಲಿಲ್ಲ, ಬರೀ ನೀರು." ಪಕ್ಕದಲ್ಲಿದ್ದವರು "ಹಾಗೇ ಆಗಬೇಕು ಅಂಥವರಿಗೆ," ಎಂದರು. ಈಗಷ್ಟೇ ನನ್ನ ಕತೆ ಕೇಳಿದ್ದರಲ್ಲ. ಅಜ್ಜಿ ಕಲೆಸಿದ ಅನ್ನವನ್ನು ಎಲೆಯಲ್ಲೇ ಬಿಟ್ಟು ಎದ್ದಳು.

ಮೂರು ದಿನ ಅವಳು ಅನ್ನ ಮುಟ್ಟಲಿಲ್ಲ. ಅಮ್ಮ ಬೈದಳು, ಗೋಗರೆದಳು. ಮೂರನೆಯ ಬೆಳಿಗ್ಗೆ ಅಜ್ಜಿ ಮುಡಿಪನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡು ಹಾಲ್‌ನಲ್ಲಿ ಕೂತಳು. "ಟಿಕೇಟು ಮಾಡಿ. ನಾನು ದೈವದ ಎದುರು ನಿಲ್ಬೇಕು. ಪಾಸ್‌ಪೋರ್ಟು ಹಿಡಿದಿಟ್ಟದ್ದಕ್ಕೆ ಅನ್ನ ಇಳಿಯದೆ ಸಾಯುವ ಶಿಕ್ಷೆಯಾ? ನಾನು ಕೇಳಿದ್ದು ಹೆಚ್ಚಾಯ್ತು. ಮೀನು ಕೊಟ್ಟವ ಅವ, ಅಮ್ಮ ಅಂತ ಕರೆದವ. ನಾನೇ ಕೊಂದೆ."

ಆಗ ಹೇಳಿದೆ. ಧೈರ್ಯದಿಂದಲ್ಲ, ಅವಳ ಮುಖ ನೋಡಲಾಗದೆ ಹೇಳಿದೆ. ಸೂಟ್‌ಕೇಸು, ಪೇಪರ್, ಕನ್ನಡದ ರುಜು. ಹೇಳುತ್ತಾ ಹೋದ ಹಾಗೆ ಅಜ್ಜಿ ನನ್ನನ್ನು ಬಿಟ್ಟು ಅಪ್ಪನನ್ನು ನೋಡಿದಳು. ಅಪ್ಪ ವರ್ಕ್‌ಶಾಪಿಗೆ ಹೊರಟು ಕೀ ಹಿಡಿದು ನಿಂತಿದ್ದ.

"ಹೌದು, ಇಟ್ಟಿದ್ದೆ. ಈಗೆಂತ?" ಎಂದ. "ನೀವು ಹೋಗಿದ್ರೆ ನಿಮ್ಮ ಮಗಳ ಕೆಲಸ ಹೋಗ್ತಿತ್ತು. ಮಗುವನ್ನು ನೋಡುವವರು ಯಾರಿದ್ರು ಅಲ್ಲಿ? ಎಲ್ಲ ನಿಮ್ಮ ಮಗಳಿಗೋಸ್ಕರ ಮಾಡಿದ್ದು. ಹತ್ತು ವರ್ಷ ಆಯ್ತು, ಖಲಾಸ್."

ಅಜ್ಜಿ ಅಮ್ಮನ ಕಡೆ ತಿರುಗಿದಳು. "ನಿನಗೆ ಗೊತ್ತಿತ್ತಾ?" ಅಮ್ಮ ಎದ್ದು ಅಡುಗೆಮನೆಗೆ ಹೋಗಿ ಗ್ಯಾಸ್ ಸಣ್ಣ ಮಾಡಿದಳು. ವಾಪಸು ಬರಲಿಲ್ಲ.

"ತಪ್ಪುಕಾಣಿಕೆ ಹಾಕು," ಎಂದಳು ಅಜ್ಜಿ ಅಪ್ಪನಿಗೆ. "ನನ್ನ ಜೊತೆ ಊರಿಗೆ ಬಾ. ದೈವದ ಎದುರು ನಿಂತು ನಾನು ಮಾಡಿದೆ ಅಂತ ಒಂದು ಮಾತು ಹೇಳು. ನನ್ನ ಚಿಕ್ಕ ಮಗಳಿಗೂ ಕೇಳ್ಲಿ. ನನಗೆ ಬೇರೆಂತದ್ದೂ ಬೇಡ."

ಚಿಕ್ಕಮ್ಮನಿಗೆ ಕೇಳಬೇಕು. ಅಜ್ಜಿಗೆ ಬೇಕಾದದ್ದು ಅಷ್ಟೇ ಆಗಿತ್ತು. ತಾಯಿ ಬರಲೊಲ್ಲದೆ ಉಳಿದದ್ದಲ್ಲ ಎಂದು ಒಬ್ಬರು ಬಾಯಿಬಿಟ್ಟು ಹೇಳಬೇಕು. "ನನಗೆ ಮರ್ಯಾದೆ ಇಲ್ವಾ?" ಎಂದ ಅಪ್ಪ. ಕೀ ಆಡಿಸುತ್ತಾ ಮೆಟ್ಟಿಲಿಳಿದು ಹೋದ. ನಾನು ಎಷ್ಟೋ ಜನರನ್ನು ದ್ವೇಷಿಸಿದ್ದೇನೆ, ಆ ಕೀಯ ಸದ್ದಿನಷ್ಟು ಯಾವುದನ್ನೂ ಅಲ್ಲ.

ಅಜ್ಜಿ ಬಹಳ ಹೊತ್ತು ಗಂಟನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. ನಾನು ಅವಳ ಕಾಲ ಬಳಿ ಕೂತು, ಆಗ ಅನ್ನ ರುಚಿಸದೆ ಹೋದದ್ದು ಏಕೆಂದು ಹೇಳಿದೆ. ದೃಷ್ಟಿಯಲ್ಲ ಅಜ್ಜಿ, ನಿನ್ನ ಮಾತೇ ತಾಗಿದ್ದು ಎಂದೆ. ಅವಳ ಕಣ್ಣು ಆಗ ತುಂಬಿತು. ನನ್ನ ತಲೆಯ ಮೇಲೆ ಕೈ ಇಟ್ಟಳು.

"ಆಗ ನಿನಗೆಷ್ಟು ವರ್ಷ?"

"ಒಂಬತ್ತು."

"ಒಂಬತ್ತು ವರ್ಷದ ಮಗುವಿಗೆ ಶಾಪ ತಾಗುದಿಲ್ಲ ಮಗಾ. ದೈವಕ್ಕೆ ಅಷ್ಟು ತಿಳೀತದೆ. ನೀನು ಸುಮ್ಮನೆ ಹೆದರಿದ್ದು." ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಬಿಕ್ಕಿ ಬಿಕ್ಕಿ ಅತ್ತೆ. ಅವಳು ಅಳು ಮುಗಿಯುವವರೆಗೆ ಕಾದಳು. ಆಮೇಲೆ ಕೈ ತೆಗೆದಳು.

"ಈ ಕತೆ ಬರೆಯುವಾಗ ಎಷ್ಟು?"

ನಾನು ಕಣ್ಣೊರೆಸಿಕೊಂಡೆ.

"ಎಷ್ಟು ಮಗಾ?"

"ಹತ್ತೊಂಬತ್ತು."

ಅಜ್ಜಿ ಗಂಟನ್ನು ಮೊದಲಿನ ಜಾಗದಲ್ಲೇ ಇಟ್ಟಳು. ಶೋಕೇಸಿನಲ್ಲಿ ನಿಲ್ಲಿಸಿದ್ದ ಹೊಸ ಹರಿವಾಣವನ್ನು ತೆಗೆದು, ಅಡುಗೆಮನೆಗೆ ಹೋಗಿ ತೊಳೆದು, ಅದರಲ್ಲಿ ಬಿಸಿ ಅನ್ನ, ಬೂತಾಯಿಯ ಪುಳಿಮುಂಚಿ ಬಡಿಸಿಕೊಂಡು ಬಂದು ನನ್ನ ಎದುರು ಇಟ್ಟಳು. ತಾನೂ ನೆಲದ ಮೇಲೆ ಕೂತಳು, ಖಸಬಿನಲ್ಲಿ ಕೂರುತ್ತಿದ್ದ ಹಾಗೆ.

"ಉಣ್ಣು," ಎಂದಳು. "ರುಚಿ ಉಂಟಾ ನೋಡುವ."